ನಿಮಗಿದು ಗೊತ್ತೆ? ಟೂರಿಂಗ್ ಟೈರಿನಲ್ಲಿ ಎರಡು ಬಗೆಯ ರಬ್ಬರ್!

ಬೆಂಗಳೂರು–ಪುಣೆಯಂಥ ನೇರ ಹೆದ್ದಾರಿಯಲ್ಲೇ ಹೆಚ್ಚು ಓಡುವ ಬೈಕಿನ ಹಿಂದಿನ ಟೈರು ನಡುಭಾಗದಲ್ಲಿ ಮೊದಲು ಸವೆದು ಚಪ್ಪಟೆಯಾಗುತ್ತದೆ. ಎಂಜಿನ್ನಿನ ಎಳೆತವೆಲ್ಲ ಅದರ ಮೇಲೆಯೇ; ಜೊತೆಗೆ ಹಿಂಬದಿ ಸವಾರ, ಲಗೇಜಿನ ಭಾರ. ಅದಕ್ಕೇ ದೂರ ಪ್ರಯಾಣದ ಅನೇಕ ಟೈರುಗಳಲ್ಲಿ ನಡುವೆ ಬಾಳಿಕೆಗೆಂದು ಗಟ್ಟಿ ರಬ್ಬರ್, ತಿರುವಿನಲ್ಲಿ ವಾಲಿದಾಗ ಹಿಡಿತ ಸಿಗಲೆಂದು ಅಂಚುಗಳಲ್ಲಿ ಮೆದು ರಬ್ಬರ್ ಬಳಸುತ್ತಾರೆ. ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಯುವವರಂತೂ ಬರೀ ಬಾಳಿಕೆ ನೋಡದೆ, ಒದ್ದೆ ರಸ್ತೆಯಲ್ಲಿ ಹಿಡಿತ ಹೇಗೆಂದು ಕೇಳಿಯೇ ಕೊಳ್ಳಬೇಕು.

ಅಂಗಡಿಯಲ್ಲಿ ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯ ಗುರುತು ಹುಡುಕಿ. 2324 ಎಂದಿದ್ದರೆ ಅದು 2024ರ 23ನೇ ವಾರ ತಯಾರಾದದ್ದು. ಬಳಸದೆ ಇಟ್ಟರೂ ವರ್ಷ ಕಳೆದಂತೆ ರಬ್ಬರ್ ಬಿರುಸಾಗುತ್ತದೆ. ರಿಯಾಯಿತಿಯ ಆಸೆಗೆ ಹಳೆಯ ಸರಕು ತರಬೇಡಿ. ‘ಟಿಡಬ್ಲ್ಯುಐ’ ಎಂಬ ಅಕ್ಷರಗಳ ನೇರಕ್ಕೆ ಕಣ್ಣು ಹಾಯಿಸಿದರೆ ಗ್ರೂವ್‌ಗಳ ತಳದಲ್ಲಿ ಪುಟ್ಟ ಉಬ್ಬು ಕಾಣುತ್ತದೆ. ಟೈರು ಸವೆದು ಆ ಉಬ್ಬಿನ ಮಟ್ಟಕ್ಕೆ ಬಂತೆಂದರೆ ಬದಲಿಸಲೇಬೇಕು.

ಎಷ್ಟೇ ದುಬಾರಿ ಟೈರಾದರೂ ಗಾಳಿ ಕಡಿಮೆಯಿದ್ದರೆ ಬಿಸಿಯೇರಿ ಬೇಗ ಹಾಳಾಗುತ್ತದೆ. ಬೆಳಿಗ್ಗೆ ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ಗಾಳಿ ನೋಡಿಸಿ.