ಹೆಸರುಪಟ್ಟಿ ಸುಟ್ಟವರು, ಕೇಸ್ ಶೀಟ್ ಕಾದವರು

1919ರ ಅಕ್ಟೋಬರ್. ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲ್. ನೂರು ಹಾಸಿಗೆಗೆ ಕಡಿಮೆಯಿಲ್ಲದ 692 ಆಸ್ಪತ್ರೆಗಳನ್ನು ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ತಪಾಸಣೆ ಮಾಡಿಸಿತ್ತು. ಪಾಸಾದವು ಬರೀ 89. ನಪಾಸಾದವುಗಳಲ್ಲಿ ಘಟಾನುಘಟಿ ಆಸ್ಪತ್ರೆಗಳೂ ಇದ್ದವು. ಲೆಕ್ಕವನ್ನೇನೋ ಹೇಳಿದರು; ಹೆಸರುಗಳು ಪತ್ರಿಕೆಯವರ ಕೈಗೆ ಸಿಕ್ಕಾವೆಂದು ಪಟ್ಟಿಯನ್ನು ಹೋಟೆಲಿನ ಕುಲುಮೆಗೆ ಹಾಕಿ ಸುಟ್ಟೇಬಿಟ್ಟರು.

ಅಂಥ ಕಠಿಣ ಪರೀಕ್ಷೆಯೇನಲ್ಲ. ಪ್ರತಿ ರೋಗಿಗೂ ಪೂರ್ತಿ ಕೇಸ್ ಶೀಟ್ ಬರೆದಿರಬೇಕು, ಬೇಕೆಂದಾಗ ಕೈಗೆ ಸಿಗುವಂತೆ ಇಟ್ಟಿರಬೇಕು ಎಂಬುದು ಷರತ್ತುಗಳಲ್ಲೊಂದು. ಮೆಡಿಕಲ್ ರೆಕಾರ್ಡ್ಸ್ ಟೆಕ್ನಿಷಿಯನ್ ಎಂಬ ಉದ್ಯೋಗ ಬೇರುಬಿಟ್ಟಿದ್ದು ಇಲ್ಲೇ.

ಈ ಪರೀಕ್ಷೆಯ ಹಿಂದೊಬ್ಬ ಮಹಾ ಜಗಳಗಂಟನಿದ್ದ: ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಸರ್ಜನ್ ಅರ್ನೆಸ್ಟ್ ಕಾಡ್ಮನ್. ಪ್ರತಿ ರೋಗಿಗೂ ಒಂದು ಕಾರ್ಡು. ರೋಗ, ಚಿಕಿತ್ಸೆ, ವರ್ಷದ ಮೇಲೆ ರೋಗಿ ಹೇಗಿದ್ದಾನೆ, ಗುಣವಾಗದಿದ್ದರೆ ತಪ್ಪು ಯಾರದು, ಎಲ್ಲವೂ ಅದರಲ್ಲಿ. ಸಹೋದ್ಯೋಗಿಗಳು ಸಿಡುಕಿದರು. 1914ರಲ್ಲಿ ರಾಜೀನಾಮೆ ಒಗೆದ. ಮರುವರ್ಷ ಜನವರಿಯಲ್ಲಿ ವೈದ್ಯರ ಸಭೆಯಲ್ಲೇ ದೊಡ್ಡದೊಂದು ವ್ಯಂಗ್ಯಚಿತ್ರ ಬಿಚ್ಚಿದ: ಮರಳಿನಲ್ಲಿ ತಲೆ ಹುದುಗಿಸಿಕೊಂಡ ಉಷ್ಟ್ರಪಕ್ಷಿ ವೈದ್ಯರತ್ತ ಚಿನ್ನದ ಮೊಟ್ಟೆಗಳನ್ನು ಒದೆಯುತ್ತಿದೆ. ಪಕ್ಷಿ ಎಂದರೆ ಊರಿನ ಸಿರಿವಂತ ರೋಗಿಗಳು. ಸಭೆ ಕೆರಳಿತು. ಆತನೇನೂ ಬಗ್ಗಲಿಲ್ಲ, ತನ್ನ ಪುಟ್ಟ ಆಸ್ಪತ್ರೆಯಿಂದ ಐದು ವರ್ಷಗಳಲ್ಲಿ ಮನೆಗೆ ಹೋದ 337 ರೋಗಿಗಳ ವಿಷಯದಲ್ಲಿ 123 ತಪ್ಪುಗಳಾಗಿವೆಯೆಂದು ತಾನೇ ಅಚ್ಚು ಹಾಕಿಸಿದ.

ಕಾರ್ಡು ಬರೆಸಿದರೆ ಸಾಲದು, ಕಾಯುವವರೂ ಬೇಕಲ್ಲ. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲೇ 1897ರಿಂದ ದಾಖಲೆಗಳನ್ನು ಒಪ್ಪ ಮಾಡುತ್ತಿದ್ದಾಕೆ ಗ್ರೇಸ್ ವೈಟಿಂಗ್ ಮಯರ್ಸ್. 1928ರಲ್ಲಿ ಬಾಸ್ಟನ್ನಿನಲ್ಲಿ ದಾಖಲೆಪಾಲಕರ ಸಂಘ ಹುಟ್ಟಿದಾಗ ಆಕೆಯೇ ಮೊದಲ ಅಧ್ಯಕ್ಷೆ.

ನಮ್ಮಲ್ಲಿ ಆಸ್ಪತ್ರೆಯ ದಾಖಲೆ ಕಾಯುವ ವಿಭಾಗಕ್ಕೆ ಎಂಆರ್‌ಡಿ (ಮೆಡಿಕಲ್ ರೆಕಾರ್ಡ್ಸ್ ಡಿಪಾರ್ಟ್‌ಮೆಂಟ್) ಎನ್ನುತ್ತಾರೆ. ಡಿಸ್ಚಾರ್ಜ್ ಆದ ಕೇಸ್ ಶೀಟಿನ ಹಾಳೆಗಳನ್ನು ಕ್ರಮಕ್ಕೆ ಜೋಡಿಸುವುದು, ಆಪರೇಷನ್ ನೋಟಿಗೆ ಸಹಿ ಇಲ್ಲದಿದ್ದರೆ ವಾರ್ಡಿಗೆ ವಾಪಸ್ ಅಟ್ಟುವುದು, ಟೈಫಾಯ್ಡ್ ಎಂದಿದ್ದರೆ ಎ01.0 ಎಂಬ ಐಸಿಡಿ (ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣ) ಕೋಡ್ ಹಾಕುವುದು, ನಂಬರ್ ನೋಡಿ ರ‍್ಯಾಕಿಗೆ ಏರಿಸುವುದು ಅಲ್ಲಿನ ನಿತ್ಯದ ಕೆಲಸ. ಈಗ ಕಂಪ್ಯೂಟರ್ ಬಂದಿದೆ, ಜೊತೆಗೆ ವಿಮಾ ಕಂಪನಿಯೂ. ಕ್ಲೇಮ್ ಪಾಸಾಗಲು ಬೇಕಾದ್ದೆಲ್ಲ ಕಡತದಲ್ಲಿರುತ್ತದೆ; ವರ್ಷದ ಮೇಲೆ ರೋಗಿ ಹೇಗಿದ್ದಾನೆಂಬ ಕಾಡ್ಮನ್ನನ ಕಾಲಂ ಮಾತ್ರ ನಾನು ನೋಡಿದ ಯಾವ ಕೇಸ್ ಶೀಟಿನಲ್ಲೂ ಇರಲಿಲ್ಲ.

ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟಿರಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಆ ಕಾಲಂ ಇಲ್ಲದಿದ್ದರೂ ಸರಿ, ಇರುವುದನ್ನಾದರೂ ಕೇಳಿ ಪಡೆಯೋಣ. ಯಾರೂ ಕೇಳದ ಕಾಗದವನ್ನು ಸುಡುವುದು ಸುಲಭ.