ಅರಳುಮರಳಿಗೆ ವಯಸ್ಸೊಂದೇ ಕಾರಣವೆ?

‘ಅರವತ್ತಕ್ಕೆ ಅರಳುಮರಳು’ ಎಂದು ನಮ್ಮ ಹಿರಿಯರು ಮರೆವಿನ ಹೊಣೆಯನ್ನೆಲ್ಲ ವಯಸ್ಸಿನ ತಲೆಗೆ ಕಟ್ಟಿದರು. ಗಾದೆ ಸೊಗಸಾದುದೇ, ಅದನ್ನು ನಂಬಿ ಮಧುಮೇಹವನ್ನು ಮರೆತರೆ ಮಾತ್ರ ಕೇಡು. ಗಿಣಿಗೇರಾದ ಉಕ್ಕಿನ ಕಾರ್ಖಾನೆಗಳನ್ನು ಕಂಡ ವಾಚಕರು ಬಲ್ಲರು: ಅಂಗಳದಲ್ಲಿ ಕಲ್ಲಿದ್ದಲು ರಾಶಿಬಿದ್ದಿದ್ದರೂ ಕುಲುಮೆ ಕೆಟ್ಟರೆ ಕಬ್ಬಿಣ ಕರಗದು. ಜೀವಕೋಶದ ಕುಲುಮೆಯೇ ಮೈಟೋಕಾಂಡ್ರಿಯ. ಮಧುಮೇಹಿಯ ನೆತ್ತರಲ್ಲಿ ಸಕ್ಕರೆ ತುಳುಕುತ್ತಿದ್ದರೂ ಈ ಕುಲುಮೆ ಸೊರಗುತ್ತದೆ. ಕೋಶವನ್ನೇ ಕೆಡಿಸುವ ಉಗ್ರ ಆಮ್ಲಜನಕ ಕಣಗಳನ್ನು ಹೊಗೆಯಂತೆ ಉಗುಳುತ್ತದೆ. ದೇಹದ ತೂಕದಲ್ಲಿ ನೂರಕ್ಕೆ 2 ಪಾಲಿದ್ದು, ಶಕ್ತಿಯಲ್ಲಿ ಸುಮಾರು 20 ಪಾಲನ್ನು ಬಳಸುವ ಮಿದುಳು ಈ ಕೊರತೆಯನ್ನು ಹೇಗೆ ತಾಳೀತು? ಮುಪ್ಪೂ ಇದೇ ಕುಲುಮೆಯನ್ನು ಸವೆಸುವುದರಿಂದ ಪೆಟ್ಟು ಇಮ್ಮಡಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ನೆನಪನ್ನೂ ನೆತ್ತರನ್ನೂ 2018ರಿಂದ ಪರೀಕ್ಷಿಸುತ್ತ ಬಂದಿದೆ. ಮನೆಯ ಹಿರಿಯರಲ್ಲಿ ಮರೆವು ಕಂಡಾಗ ಸಕ್ಕರೆಯನ್ನೂ ನೋಡಿಸಿರೆಂದು ಹೇಳಲು ಅದರ ಕೊನೆಯ ವರದಿಯವರೆಗೆ ಕಾಯಬೇಕಾಗಿಲ್ಲ.