ತಂತಿಯಿಲ್ಲದ ಹೆಡ್‌ಫೋನೂ ಊಷ್ಮಾಕ್ಷರಗಳೂ

ವೇದಕ್ಕೆ ಶ್ರುತಿಯೆಂಬ ಹೆಸರು ಸಂದುದು ಕಿವಿಯ ಮಹಿಮೆಯಿಂದ. ವಿದ್ಯೆಯು ಗುರುಮುಖದಿಂದ ಹೊರಟು ಶಿಷ್ಯನ ಕಿವಿಯನ್ನು ಸೇರತಕ್ಕುದೆಂಬುದು ನಮ್ಮ ಪೂರ್ವಿಕರ ಮತವಾಗಿದ್ದಿತು. ಆ ಮುಖಕ್ಕೂ ಈ ಕಿವಿಗೂ ನಡುವೆ ಈಗ ಒಂದು ಸಣ್ಣ ಯಂತ್ರವು ಬಂದು ಕುಳಿತಿರುವುದು. ಹೊಸಪೇಟೆಯ ಅಂಗಡಿಬೀದಿಯಲ್ಲಿ ಹುಡುಗರು “ಒಂದು ಬ್ಲೂಟೂತ್ ಕೊಡಿ” ಎಂದು ಕೇಳುವುದು ಇಂದು ಸಾಮಾನ್ಯವಾದ ಮಾತಾಗಿದೆ. ವಾಸ್ತವವಾಗಿ ಬ್ಲೂಟೂತ್ ಎಂಬುದು ಹೆಡ್‌ಫೋನಿನ ಹೆಸರಲ್ಲ. ಫೋನಿನಿಂದ ಅದಕ್ಕೆ ತಂತಿಯಿಲ್ಲದೆ ಶಬ್ದವನ್ನು ಕಳುಹಿಸುವ ವಿಧಾನದ ಹೆಸರು. ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಯಾಪ್ ಹಾರ್ಟ್ಸನ್ ಎಂಬ ಡಚ್ ಎಂಜಿನಿಯರು ೧೯೯೪ರಲ್ಲಿ ಈ ಕೆಲಸಕ್ಕೆ ತೊಡಗಿದರು. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನಾಳಿದ ಹೆರಾಲ್ಡನೆಂಬ ರಾಜನಿಗೆ ‘ನೀಲದಂತ’ ಎಂಬರ್ಥದ ಅಡ್ಡಹೆಸರಿದ್ದಿತು. ಅದೇ ಮುಂದೆ ಈ ವಿಧಾನದ ನಾಮಧೇಯವಾಯಿತು. ಹೆಸರಿಡುವ ವಿಷಯದಲ್ಲಿ ನಮ್ಮವರೇ ಮೇಲೆಂದು ನನ್ನ ಅಭಿಪ್ರಾಯ. ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ತೆರೆದ ರೇಡಿಯೋ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದಿತಲ್ಲವೆ? ನೀಲಿಯ ಹಲ್ಲೆಲ್ಲಿ, ಆಕಾಶದ ವಾಣಿಯೆಲ್ಲಿ!

ಅದಿರಲಿ. ಈ ಹೆಡ್‌ಫೋನಿನಲ್ಲಿ ಕೇಳುವ ಶಬ್ದವು ಎಷ್ಟರಮಟ್ಟಿಗೆ ಶುದ್ಧವಾದುದು? ಸಂಗೀತದ ಸಿ.ಡಿ. ತಟ್ಟೆಯೊಂದು ಶಬ್ದವನ್ನು ಅಂಕಿಗಳಾಗಿ ಬರೆದಿಡುವಾಗ ಸೆಕೆಂಡಿಗೆ ೧೪,೧೧,೨೦೦ ಅಂಕಿಗಳನ್ನು ಉಪಯೋಗಿಸುವುದು. ಬ್ಲೂಟೂತಿನ ಸಾಧಾರಣ ವಿಧಾನದಲ್ಲಿ ಸುಮಾರು ೩,೨೮,೦೦೦ ಅಂಕಿಗಳು ಮಾತ್ರ ಗಾಳಿಯಲ್ಲಿ ಸಾಗುವುವು, ಅಂದರೆ ಕಾಲು ಪಾಲಿಗಿಂತಲೂ ಕಡಿಮೆ. ಆದರೂ ಹಾಡು ಕೆಡುವುದಿಲ್ಲ. ದೊಡ್ಡ ಶಬ್ದದ ಮಗ್ಗುಲಲ್ಲಿರುವ ಸಣ್ಣ ಶಬ್ದವು ನಮ್ಮ ಕಿವಿಗೆ ಹೇಗೂ ಕೇಳಿಸದಾದಕಾರಣ, ಅಂತಹ ಭಾಗವನ್ನು ಒರಟಾಗಿ ಬರೆದರೂ ನಷ್ಟವು ತಿಳಿಯದು. ಇದಕ್ಕಿಂತ ಹೆಚ್ಚು ಅಂಕಿಗಳನ್ನು ಸಾಗಿಸುವ ಬೆಲೆಯುಳ್ಳ ವಿಧಾನಗಳೂ ಉಂಟು. ಗೃಹಸ್ಥನು ಅವುಗಳಿಗಾಗಿ ಹಣ ತೆರುವುದಕ್ಕೆ ಮೊದಲು, ಕಿವಿಯೊಳಗೆ ಕೂರುವ ರಬ್ಬರಿನ ತುದಿಯು ತನ್ನ ಕಿವಿಗೆ ಸರಿಹೊಂದುವುದೋ ಎಂದು ನೋಡುವುದು ಲೇಸು. ತುದಿಯು ಸಡಿಲವಾದರೆ ಮೃದಂಗದ ಎಡಭಾಗದ ಗುಮಕಿಯೆಲ್ಲವೂ ಹೊರಗೆ ಸೋರಿಹೋಗುವುದು.

ಅಗ್ಗದ ಹೆಡ್‌ಫೋನುಗಳಲ್ಲಿ ಇನ್ನೊಂದು ದೋಷವುಂಟು. ಮಾರುವವರು ಮಂದ್ರದ ಶಬ್ದವನ್ನು ಉಬ್ಬಿಸಿ, ಅದನ್ನೇ ಗುಣವೆಂದು ಹೊಗಳುವರು. ಹಂಪೆಯ ವಿಠ್ಠಲ ದೇವಾಲಯದ ಕಂಬಗಳನ್ನು ತಟ್ಟಿದರೆ ಕಲ್ಲಿನಿಂದ ಲೋಹದಂತಹ ನಾದವು ಹೊರಡುವುದೆಂಬುದು ಲೋಕಪ್ರಸಿದ್ಧವಾದ ಸಂಗತಿ. ಕಂಬಗಳಿಗೆ ಹಾನಿಯಾಗದಿರಲೆಂದು ಈಗ ಅವುಗಳನ್ನು ತಟ್ಟಗೊಡುವುದಿಲ್ಲವಾದುದರಿಂದ ಆ ನಾದವನ್ನು ಧ್ವನಿಮುದ್ರಣದಲ್ಲಿ ಕೇಳಬೇಕಾಗಿದೆ. ಶಬ್ದವು ಕಲ್ಲಿನದೋ ಕಂಚಿನದೋ ಎಂದು ಕಿವಿಯು ನಿರ್ಣಯಿಸುವುದು ಮೂಲಸ್ವರದ ಮೇಲೆ ಏಳುವ ಸೂಕ್ಷ್ಮವಾದ ಉಪಸ್ವರಗಳಿಂದ. ಮಂದ್ರವು ಉಬ್ಬಿದ ಹೆಡ್‌ಫೋನಿನಲ್ಲಿ ಈ ಉಪಸ್ವರಗಳು ಮಸುಕಾಗಿ, ವಿಠ್ಠಲನ ಕಂಬವೂ ಮನೆಯ ಮರದ ಕಂಬವೂ ಒಂದೇ ಎನ್ನುವಂತಾಗುವುದು.

ಇಷ್ಟು ಹಾಡಿನ ಮಾತಾಯಿತು. ಉಪಾಧ್ಯಾಯನಾದವನಿಗೆ ನಿಜವಾದ ತೊಡಕು ಬರುವುದು ಪಾಠದಲ್ಲಿ. ಕಂಪ್ಲಿಯ ಹುಡುಗನೊಬ್ಬನು ಸಂಜೆಯ ಹೊತ್ತು ಫೋನಿನ ಮೂಲಕ ನನ್ನಲ್ಲಿ ಸಂಸ್ಕೃತವನ್ನು ಓದುತ್ತಿರುವನು. ಎದುರಿಗೆ ಕುಳಿತಾಗ ಅವನ ಉಚ್ಚಾರಣೆಯು ನಿರ್ದುಷ್ಟವಾದುದು. ಬ್ಲೂಟೂತನ್ನು ಕಿವಿಗೆ ಸಿಕ್ಕಿಸಿಕೊಂಡು ಮಾತನಾಡಿದನೆಂದರೆ, ತಾಲವ್ಯವಾದ ಶಕಾರವೂ ದಂತ್ಯವಾದ ಸಕಾರವೂ ನನ್ನ ಕಡೆಗೆ ಒಂದೇ ಬಗೆಯ ಉಸಿರಾಗಿ ಬರುವುವು. ‘ಸಕಲ’ವೆಂದರೆ ಎಲ್ಲವೂ, ‘ಶಕಲ’ವೆಂದರೆ ಒಂದು ಚೂರು, ಈ ಎರಡರ ಭೇದವನ್ನು ಕಲಿಸುವುದು ಹೇಗೆ? ಅದನ್ನು ಕಳಚಿಟ್ಟು ಫೋನಿಗೇ ಮಾತನಾಡೆಂದೊಡನೆ ಅಕ್ಷರಗಳು ಸ್ಪಷ್ಟವಾದುವು.

ಇದಕ್ಕೆ ಕಾರಣವುಂಟು. ಹಾಡನ್ನು ಕೇಳುವಾಗ ಶಬ್ದವು ಫೋನಿನಿಂದ ಕಿವಿಗೆ ಒಂದೇ ದಿಕ್ಕಿನಲ್ಲಿ ಬರುವುದು. ಮಾತನಾಡುವಾಗ ಹೆಡ್‌ಫೋನಿನ ಮೈಕು ತೆರೆದು ಶಬ್ದವು ಎರಡು ದಿಕ್ಕಿನಲ್ಲಿಯೂ ಸಾಗಬೇಕಾಗುವುದರಿಂದ, ಯಂತ್ರವು ತಾನಾಗಿಯೇ ಕಿರಿದಾದ ಇನ್ನೊಂದು ದಾರಿಯನ್ನು ಹಿಡಿಯುವುದು. ಆ ದಾರಿಯ ಹಳೆಯ ಕ್ರಮದಲ್ಲಿ ಸೆಕೆಂಡಿಗೆ ೪,೦೦೦ಕ್ಕಿಂತ ಹೆಚ್ಚು ಕಂಪನಗಳುಳ್ಳ ಶಬ್ದವೇ ಸಾಗದು. ಹೊಸದರಲ್ಲಿ ೮,೦೦೦ದ ಆಚೆಗೆ ಸಾಗದು. ಸ್ವರಗಳ ಬಲವೆಲ್ಲವೂ ಕೆಳಗಿನ ಕಂಪನಗಳಲ್ಲಿರುವುದರಿಂದ ಅವು ಉಳಿಯುವುವು. ಸಕಾರದ ಸತ್ತ್ವವಾದರೋ ಬಹುಮಟ್ಟಿಗೆ ೪,೦೦೦ದಿಂದ ಮೇಲಕ್ಕಿರುವುದು; ಶಕಾರದ್ದು ಅದಕ್ಕಿಂತ ಸ್ವಲ್ಪ ಕೆಳಗೆ ತೊಡಗುವುದು. ಭೇದವಿರುವ ಎಡೆಯನ್ನೇ ಕತ್ತರಿಸಿದ ಮೇಲೆ ಭೇದವು ಉಳಿಯುವುದೆಂತು? ಸಂಗೀತಪಾಠವನ್ನೂ ಮಂತ್ರಪಾಠವನ್ನೂ ಫೋನಿನಲ್ಲಿ ಹೇಳಿಸಿಕೊಳ್ಳುವ ಮಕ್ಕಳ ತಾಯ್ತಂದೆಗಳು ಇದನ್ನು ಗಮನಿಸತಕ್ಕುದು. ಪಾಠದ ಹೊತ್ತಿಗೆ ತಂತಿಯ ಇಯರ್‌ಫೋನಾಗಲಿ, ಬರಿಯ ಫೋನಾಗಲಿ ಸಾಕು. ೨೦೨೦ರಲ್ಲಿ ಪ್ರಕಟವಾದ ‘ಎಲ್‌ಇ ಆಡಿಯೋ’ ಎಂಬ ಹೊಸ ವಿಧಾನದಲ್ಲಿ ಈ ದಾರಿಯು ಅಗಲವಾಗಬಲ್ಲುದು. ಆದರೆ ಫೋನೂ ಹೆಡ್‌ಫೋನೂ ಎರಡೂ ಅದನ್ನು ಬಲ್ಲುವಾಗಿರಬೇಕು.

ಶಬ್ದವು ತಡವಾಗಿ ಬರುವುದೆಂಬುದು ಇನ್ನೊಂದು ದೂರು. ಹೊಳೆಯ ಆಚೆಯ ದಡದಲ್ಲಿ ಬಟ್ಟೆ ಒಗೆಯುವವರ ಕೈ ಮತ್ತೆ ಮೇಲೆದ್ದ ತರುವಾಯ ಪೆಟ್ಟಿನ ಸದ್ದು ಬರುವುದನ್ನು ಕಂಪ್ಲಿಯವರು ಕಾಣದವರಲ್ಲ. ಬ್ಲೂಟೂತಿನ ತಡವು ಸುಮಾರು ಸೆಕೆಂಡಿನ ಐದನೆಯ ಒಂದು ಪಾಲು, ಎಂದರೆ ೭೦ ಮೀಟರು ದೂರದಿಂದ ಸದ್ದು ಬಂದಷ್ಟು. ಸಿನಿಮಾ ನೋಡುವಾಗ ಫೋನು ಚಿತ್ರವನ್ನೂ ಅಷ್ಟೇ ತಡೆದು ಸರಿಪಡಿಸುವುದು. ತಾಳ ಹಾಕಿ ಜೊತೆಯಲ್ಲಿ ಹಾಡುವವರಿಗೆ ಮಾತ್ರ ಇದು ನಿರುಪಯುಕ್ತ.

ಈಗ ಸಂಡೂರಿನ ಮಾತು. ಅದಿರಿನ ಲಾರಿಗಳು ಸಾಗುವ ಆ ದಾರಿಯಲ್ಲಿ ಬಸ್ಸಿನೊಳಗೆ ಕುಳಿತ ತರುಣನು ಹೊರಗಿನ ಗದ್ದಲವನ್ನು ಮೀರಿಸಲೋಸುಗ ಹಾಡಿನ ಶಬ್ದವನ್ನು ಏರಿಸುತ್ತ ಹೋಗುವನು. ೮೦ ಡೆಸಿಬೆಲ್ಲಿನ ಶಬ್ದವನ್ನು ವಾರಕ್ಕೆ ೪೦ ಗಂಟೆ ಕೇಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿರುವುದು. ೯೦ ಆದರೆ ೪ ಗಂಟೆ ಮಾತ್ರ. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಸುಮಾರು ೧೫,೦೦೦ವಿದ್ದು, ಸತ್ತುವು ಮತ್ತೆ ಹುಟ್ಟುವುದಿಲ್ಲ. ಗದ್ದಲದ ಪೆಟ್ಟು ಮೊದಲು ತಗಲುವುದು ೪,೦೦೦ ಕಂಪನಗಳ ಆಸುಪಾಸಿನ ಶಬ್ದವನ್ನು ಗ್ರಹಿಸುವ ಕೋಶಗಳಿಗೆ. ವಾಚಕರು ಗಮನಿಸಿರಬಹುದು: ಕಿರಿದಾದ ದಾರಿಯು ಯಾವ ಅಕ್ಷರಗಳನ್ನು ಕತ್ತರಿಸಿತೋ, ಅವುಗಳ ಎಡೆಯೇ ಇದು. ಯಂತ್ರದಲ್ಲಾದ ನಷ್ಟವು ಯಂತ್ರವನ್ನು ಕಳಚಿದೊಡನೆ ಹೋಗುವುದು, ಕಿವಿಯದು ಹೋಗದು.

ಹೊರಗದ್ದಲವನ್ನು ತಗ್ಗಿಸುವ ಹೆಡ್‌ಫೋನುಗಳು ಬಂದಿರುವುವು. ಹೊರಗಿನ ಶಬ್ದದ ಅಲೆಗೆ ವಿರುದ್ಧವಾದ ಅಲೆಯನ್ನೆಬ್ಬಿಸಿ ಅವು ಅದನ್ನು ಅಡಗಿಸುವುವು. ಎಂಜಿನ್ನಿನ ಎಡೆಬಿಡದ ಮೊರೆತಕ್ಕೆ ಇದು ಒಳ್ಳೆಯ ಮದ್ದು. ಹಾಡನ್ನು ತಗ್ಗಿಸಿಯೇ ಕೇಳಬಹುದು. ಬಸ್ಸಿನಿಂದಿಳಿದು ರಸ್ತೆಯ ಮೇಲೆ ನಡೆಯುವಾಗ ಮಾತ್ರ ಅದನ್ನು ಕಿವಿಯಿಂದ ತೆಗೆಯಲೇಬೇಕು. ಹಿಂದಿನಿಂದ ಬರುವ ಲಾರಿಯು ಸುದ್ದಿ ಹೇಳಿ ಬರುವುದಿಲ್ಲ.

ಮನೆಯಲ್ಲಿ ಇದರಿಂದ ಉಪಕಾರವೇ ಹೆಚ್ಚು. ಅಡಿಗೆಮನೆಯಲ್ಲಿ ತಂತಿಯು ಪಾತ್ರೆಯ ಹಿಡಿಗೆ ಸಿಕ್ಕುವ ಕಾಟವಿಲ್ಲದೆ ಪುರಾಣವನ್ನು ಕೇಳಬಹುದು. ಒಂದು ಕಿವಿಯನ್ನು ಕುಕ್ಕರಿನ ಸೀಟಿಗೂ ಮಕ್ಕಳ ಕೂಗಿಗೂ ಬಿಟ್ಟಿದ್ದರಾಯಿತು. ರಾತ್ರಿ ವಾರ್ತೆ ಕೇಳುವವರಿಂದ ಮಲಗಿದವರ ನಿದ್ರೆಯೂ ಕೆಡದು. ಸಣ್ಣ ಬ್ಯಾಟರಿಯು ಕೆಲವು ವರ್ಷಗಳಲ್ಲಿ ಸೊರಗುವುದೆಂಬುದನ್ನು ಕೊಳ್ಳುವಾಗಲೇ ಲೆಕ್ಕಕ್ಕೆ ಹಿಡಿಯಬೇಕು.

ಮನೆಯ ವೃದ್ಧರು “ಕೇಳುತ್ತದೆ, ತಿಳಿಯುವುದಿಲ್ಲ” ಎನ್ನುವುದುಂಟು. ಅದು ಸಿಡುಕಿನ ಮಾತಲ್ಲ. ಮುಪ್ಪಿನಲ್ಲಿ ಮೊದಲು ಕುಂದುವುದು ಮೇಲಿನ ಕಂಪನಗಳೇ ಆದುದರಿಂದ ಸ್ವರಗಳು ಕೇಳಿ ಊಷ್ಮಾಕ್ಷರಗಳು ಜಾರಿಹೋಗುವುವು. ಅಂತಹವರಿಗೆ ಹೆಡ್‌ಫೋನನ್ನು ತೊಡಿಸಿ ಶಬ್ದವನ್ನು ಏರಿಸುವುದು ಚಿಕಿತ್ಸೆಯಲ್ಲ. ಕಿವಿಯ ವೈದ್ಯರಲ್ಲಿಗೆ ಕರೆದೊಯ್ದು ಶ್ರವಣಪರೀಕ್ಷೆಯನ್ನು ಮಾಡಿಸಬೇಕು. ಮೈಸೂರಿನಲ್ಲಿ ಇದಕ್ಕಾಗಿಯೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಯಾವ ಕಂಪನಗಳು ಎಷ್ಟು ಕುಂದಿರುವುವೋ ಅವುಗಳನ್ನು ಮಾತ್ರ ಅಷ್ಟೇ ಹೆಚ್ಚಿಸುವ ಶ್ರವಣಸಾಧನಗಳು ದೊರೆಯುವುವು. ಅವುಗಳಲ್ಲಿ ಕೆಲವು ಬ್ಲೂಟೂತಿನಿಂದಲೇ ಫೋನಿಗೆ ಕೂಡಿಕೊಂಡು, ದೂರದೂರಿನ ಮೊಮ್ಮಕ್ಕಳ ಮಾತನ್ನು ನೇರವಾಗಿ ಕಿವಿಗೆ ಮುಟ್ಟಿಸುವುವು.